ಕಾಗದ ಕಾಯ್ದವರು: ಯೀವೊ ಸಂಸ್ಥೆಯ ನೂರು ವರ್ಷ

1925ರ ಆರಂಭದಲ್ಲಿ, ಬರ್ಲಿನ್ನಿನಲ್ಲಿ ನೆಲೆಸಿದ್ದ ಭಾಷಾವಿದ್ವಾಂಸ ನೊಖೆಮ್ ಶ್ಟಿಫ್ ಅವರು ಒಂದು ಮನವಿಯನ್ನು ಬರೆದು ಪೂರ್ವ ಯುರೋಪಿನ ಯಹೂದಿ ವಿದ್ವಾಂಸರಿಗೆ ಕಳಿಸಿದರು. ಒಂದು ಕೋಟಿಗೂ ಹೆಚ್ಚು ಜನರ ಮನೆಮಾತಾದ ಯಿಡ್ಡಿಶ್ ಭಾಷೆಗೆ ಒಂದು ಉನ್ನತ ಅಧ್ಯಯನ ಪೀಠ ಬೇಕು, ಅದಕ್ಕೊಂದು ಗ್ರಂಥಾಲಯವೂ ಪತ್ರಾಗಾರವೂ ಇರಬೇಕು, ಸಂಶೋಧನೆ ಆ ಭಾಷೆಯಲ್ಲೇ ನಡೆಯಬೇಕು ಎಂಬುದು ಅದರ ಸಾರ. ಮಾರ್ಚ್ 24ರಂದು ವಿಲ್ನಾ ನಗರದಲ್ಲಿ ಸೇರಿದ ಶಿಕ್ಷಣ ಸಂಘಟನೆಗಳ ಸಭೆ ಈ ವಿಚಾರಕ್ಕೆ ಒಪ್ಪಿಗೆ ಕೊಟ್ಟಿತು. ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಸಮಾವೇಶದಲ್ಲಿ ಸಂಸ್ಥೆಗೆ ರೂಪ ಬಂತು. ಯಿಡ್ಡಿಶ್ ಭಾಷೆಯಲ್ಲಿ ಅದರ ಪೂರ್ಣ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು 'ಯೀವೊ' ಎಂದು ಕರೆದರು. 2025ರಲ್ಲಿ ಯೀವೊಗೆ ನೂರು ತುಂಬಿತು.

ಈ ನೂರು ವರ್ಷಗಳಲ್ಲಿ ಸಂಸ್ಥೆ ತನ್ನ ಊರಾದ ವಿಲ್ನಾವನ್ನು ಕಳೆದುಕೊಂಡಿತು. ಅದು ಯಾರ ಬದುಕನ್ನು ದಾಖಲಿಸಲು ಹುಟ್ಟಿತೋ ಆ ಜನರಲ್ಲಿ ಬಹುಪಾಲು ಮಂದಿ ಕೊಲೆಯಾದರು. ಅದರ ಪುಸ್ತಕ, ಕಡತಗಳನ್ನು ಮೊದಲು ನಾಜಿಗಳೂ ಆಮೇಲೆ ಸೋವಿಯತ್ ಅಧಿಕಾರಿಗಳೂ ಕಾಗದದ ಗಿರಣಿಗೆ ಅಟ್ಟಿದರು. ಆದರೂ ಇಂದು ನ್ಯೂಯಾರ್ಕಿನಲ್ಲಿರುವ ಯೀವೊ ಪತ್ರಾಗಾರದಲ್ಲಿ ಸುಮಾರು 2.4 ಕೋಟಿ ದಾಖಲೆಗಳಿವೆ, ಗ್ರಂಥಾಲಯದಲ್ಲಿ ಸುಮಾರು 4 ಲಕ್ಷ ಸಂಪುಟಗಳಿವೆ. ಇದು ಹೇಗಾಯಿತು ಎಂದು ಕೇಳಿದರೆ ಎಲ್ಲರೂ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಿಲ್ನಾ ಘೆಟ್ಟೊದಲ್ಲಿ ಪ್ರಾಣವನ್ನು ಪಣಕ್ಕಿಟ್ಟು ಕಾಗದ ಉಳಿಸಿದ ಕೆಲವರ ಕಥೆ ಹೇಳುತ್ತಾರೆ. ಆ ಕಥೆ ನಿಜ, ಅದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆದರೆ ಆ ಧೈರ್ಯಕ್ಕೆ ಹಿಂದಿನಿಂದ ಬಂದ ಒಂದು ಸಿದ್ಧತೆ ಇತ್ತು. ನಮ್ಮ ಲೆಕ್ಕದ ಪುಸ್ತಕ, ನಮ್ಮ ಗಾದೆ, ನಮ್ಮೂರ ನಾಟಕದ ಕರಪತ್ರ, ನಮ್ಮ ಮಕ್ಕಳು ಬರೆದ ಬಾಳ ಕಥೆ, ಇವೆಲ್ಲ ಕಾಪಿಡಬೇಕಾದ ವಸ್ತುಗಳು ಎಂದು ಒಂದು ಸಮುದಾಯ ಅಪಾಯ ಬರುವ ಮೊದಲೇ ಕಲಿತಿತ್ತು. ಯೀವೊ ಚರಿತ್ರೆಯನ್ನು ಬರೆಯುವವರು ಈ ಕಲಿಕೆಯಿಂದಲೇ ಆರಂಭಿಸಬೇಕು.

ಪುಸ್ತಕದ ಊರು

ಇಂದು ಲಿಥುವೇನಿಯದ ರಾಜಧಾನಿಯಾಗಿರುವ ವಿಲ್ನಿಯಸ್ ಆಗ ಪೋಲೆಂಡಿಗೆ ಸೇರಿತ್ತು. ಯಹೂದಿಗಳು ಅದನ್ನು ವಿಲ್ನಾ ಎನ್ನುತ್ತಿದ್ದರು, 'ಲಿಥುವೇನಿಯದ ಜೆರುಸಲೇಮ್' ಎಂದೂ ಕೊಂಡಾಡುತ್ತಿದ್ದರು. 18ನೇ ಶತಮಾನದ ಮಹಾಪಂಡಿತ ವಿಲ್ನಾ ಗಾವೊನ್ ಬಾಳಿದ ಊರದು. ಯಹೂದಿ ಧರ್ಮಶಾಸ್ತ್ರವಾದ ತಾಲ್ಮುದ್ ಗ್ರಂಥದ ಹೆಸರಾಂತ ಆವೃತ್ತಿಯನ್ನು ಹೊರತಂದ ರೊಮ್ ಮುದ್ರಣಾಲಯ ಅಲ್ಲಿಯೇ ಇತ್ತು.

ಯೀವೊ ಹುಟ್ಟುವುದಕ್ಕೆ ಬಹಳ ಮೊದಲೇ ಆ ಊರಿಗೆ ಸಾರ್ವಜನಿಕ ಯಹೂದಿ ಗ್ರಂಥಾಲಯವೊಂದು ದಕ್ಕಿತ್ತು. ಸ್ಥಿತಿವಂತ ವಿದ್ವಾಂಸ ಮತಿತ್ಯಾಹು ಸ್ಟ್ರಾಶುನ್ 1885ರಲ್ಲಿ ತೀರಿಕೊಂಡಾಗ, ಐದು ಸಾವಿರಕ್ಕೂ ಮಿಕ್ಕ ತಮ್ಮ ಸ್ವಂತ ಪುಸ್ತಕಗಳನ್ನು ಸಮುದಾಯಕ್ಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದರು. 1892ರಲ್ಲಿ ಆ ಸಂಗ್ರಹ ಓದುಗರಿಗೆ ತೆರೆಯಿತು. 20ನೇ ಶತಮಾನದ ಆರಂಭದಲ್ಲಿ ಮಹಾ ಸಿನಗಾಗಿನ ಅಂಗಳದಲ್ಲೇ ಅದಕ್ಕೆ ಸ್ವಂತ ಕಟ್ಟಡ ಬಂತು. ಬೇರೆಯವರೂ ತಮ್ಮ ಸಂಗ್ರಹಗಳನ್ನು ಕೊಡುತ್ತ ಹೋದರು. 1930ರ ದಶಕದ ಹೊತ್ತಿಗೆ ಪುಸ್ತಕಗಳ ಸಂಖ್ಯೆ ಸುಮಾರು 35,000 ಮುಟ್ಟಿತ್ತು. ವಾರದ ಏಳು ದಿನವೂ, ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್‌ನಂದೂ, ಅದರ ಬಾಗಿಲು ತೆರೆದಿರುತ್ತಿತ್ತು. ಉದ್ದನೆಯ ಮೇಜುಗಳ ಸುತ್ತ ಗಡ್ಡದ ರಬ್ಬಿಗಳೂ ಸಮಾಜವಾದಿ ತರುಣರೂ ಶಾಲಾ ವಿದ್ಯಾರ್ಥಿನಿಯರೂ ಒಟ್ಟಿಗೆ ಕೂತು ಓದುತ್ತಿದ್ದರು. ಗ್ರಂಥಪಾಲಕ ಖೈಕೆಲ್ ಲುನ್ಸ್ಕಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ಕೋಣೆಯ ಜೀವವಾಗಿದ್ದರು. ಯಾವ ಓದುಗನಿಗೆ ಯಾವ ಪುಸ್ತಕ ಬೇಕೆಂದು ಅವರಿಗೆ ಬಾಯಿಪಾಠವಾಗಿತ್ತು.

ಯೀವೊ ಸ್ಥಾಪಕರು ಸಂಸ್ಥೆಯ ನೆಲೆಯಾಗಿ ವಿಲ್ನಾವನ್ನು ಆರಿಸಿಕೊಂಡದ್ದಕ್ಕೆ ಇದೇ ಕಾರಣ. ವಾರ್ಸಾದಲ್ಲಿ ಜನಸಂಖ್ಯೆ ಹೆಚ್ಚಿತ್ತು, ಬರ್ಲಿನ್ನಿನಲ್ಲಿ ವಿಶ್ವವಿದ್ಯಾಲಯಗಳಿದ್ದವು. ಆದರೆ ವಿಲ್ನಾದಲ್ಲಿ ಯಿಡ್ಡಿಶ್ ಮಾಧ್ಯಮದ ಶಾಲೆಗಳಿದ್ದವು, ಶಿಕ್ಷಕರ ತರಬೇತಿ ಸಂಸ್ಥೆಯಿತ್ತು, ದಿನಪತ್ರಿಕೆಗಳಿದ್ದವು. ವೈದ್ಯರೂ ವಕೀಲರೂ ಮನೆಯಲ್ಲಿ, ಬೀದಿಯಲ್ಲಿ, ಸಭೆಯಲ್ಲಿ ಯಿಡ್ಡಿಶನ್ನೇ ಆಡುತ್ತಿದ್ದರು.

ಸಂಗ್ರಾಹಕರ ಬಳಗ

ಸಂಸ್ಥೆಯ ಮೊದಲ ಕಚೇರಿ ಭಾಷಾವಿಜ್ಞಾನಿ ಮ್ಯಾಕ್ಸ್ ವೈನ್‌ರೈಖ್ ಅವರ ಮನೆಯ ಒಂದು ಕೋಣೆ. ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಯಿಡ್ಡಿಶ್ ಕುರಿತು ಡಾಕ್ಟರೇಟ್ ಪಡೆದು ಬಂದಿದ್ದ ಅವರು ಮುಂದಿನ ನಾಲ್ಕು ದಶಕ ಯೀವೊದ ಬೆನ್ನೆಲುಬಾದರು. ಅವರ ಜೊತೆಗೆ ನಿಘಂಟುಕಾರ ಝಲ್ಮನ್ ರೈಜೆನ್, ಆಮೇಲೆ ಝೆಲಿಗ್ ಕಾಲ್ಮನೋವಿಚ್ ನಿಂತರು. ಭಾಷೆ ಮತ್ತು ಸಾಹಿತ್ಯ, ಚರಿತ್ರೆ, ಅರ್ಥಶಾಸ್ತ್ರ ಮತ್ತು ಅಂಕಿಅಂಶ, ಮನಃಶಾಸ್ತ್ರ ಮತ್ತು ಶಿಕ್ಷಣ ಎಂದು ನಾಲ್ಕು ವಿಭಾಗಗಳಾದವು. ಚರಿತ್ರೆಯನ್ನು ಎಲಿಯಾಸ್ ಚೆರಿಕೋವರ್, ಅರ್ಥಶಾಸ್ತ್ರವನ್ನು ಯಾಕೋಬ್ ಲೆಶ್ಚಿನ್ಸ್ಕಿ ನೋಡಿಕೊಂಡರು. ಐನ್‌ಸ್ಟೈನ್, ಫ್ರಾಯ್ಡ್‌ರಂಥವರು ಗೌರವ ಮಂಡಳಿಗೆ ತಮ್ಮ ಹೆಸರು ಕೊಟ್ಟರು.

ದೊಡ್ಡ ಹೆಸರುಗಳಿಂದ ಸಂಸ್ಥೆಗೆ ಮನ್ನಣೆ ಸಿಕ್ಕಿತು, ಆದರೆ ಅದರ ಕಪಾಟು ತುಂಬಿಸಿದವರು ಊರೂರಿನ ಸಾಮಾನ್ಯ ಜನ. ಯೀವೊ ಬಳಿ ಸರ್ಕಾರದ ಅನುದಾನವೆಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ, ಕ್ಷೇತ್ರಕ್ಕೆ ಸಂಶೋಧಕರನ್ನು ಕಳಿಸುವ ಶಕ್ತಿಯೂ ಇರಲಿಲ್ಲ. ಹಾಗಾಗಿ ಅದು ಪತ್ರಿಕೆಗಳ ಮೂಲಕ ಜನರಿಗೇ ಕರೆ ಕೊಟ್ಟಿತು: ನಿಮ್ಮ ಊರಿನ ಗಾದೆ, ಒಗಟು, ಹಾಡು, ಹಬ್ಬದ ಆಚರಣೆ, ಮಕ್ಕಳ ಆಟ, ಬೈಗುಳ ಎಲ್ಲವನ್ನೂ ಬರೆದು ಕಳಿಸಿ, ಹಳೆಯ ನಡಾವಳಿ ಪುಸ್ತಕ, ಪತ್ರ, ಭಿತ್ತಿಪತ್ರ, ನಾಟಕದ ಜಾಹೀರಾತು ಸಿಕ್ಕರೆ ಎಸೆಯಬೇಡಿ. ಕರೆಗೆ ಓಗೊಟ್ಟವರನ್ನು ಯಿಡ್ಡಿಶ್‌ನಲ್ಲಿ 'ಝಾಮ್ಲರ್' ಎನ್ನುತ್ತಿದ್ದರು, ಅಂದರೆ ಸಂಗ್ರಾಹಕರು. ಶಾಲಾ ಮಾಸ್ತರು, ದರ್ಜಿ, ಅಂಗಡಿಯ ಗುಮಾಸ್ತ, ವಿದ್ಯಾರ್ಥಿ ಹೀಗೆ ನೂರಾರು ಮಂದಿ ಪುಟ್ಟ ಪುಟ್ಟ ಊರುಗಳಲ್ಲಿ ಗುಂಪು ಕಟ್ಟಿಕೊಂಡರು. ಕೇಳುವುದು ಹೇಗೆ, ಹೇಳಿದವರ ಮಾತನ್ನು ತಿದ್ದದೆ ಬರೆದುಕೊಳ್ಳುವುದು ಹೇಗೆ, ಯಾರು ಎಲ್ಲಿ ಹೇಳಿದರೆಂದು ನಮೂದಿಸುವುದು ಹೇಗೆ ಎಂದು ತಿಳಿಸುವ ಕೈಪಿಡಿಯನ್ನೂ ಪ್ರಶ್ನಾವಳಿಗಳನ್ನೂ ಸಂಸ್ಥೆ ಅಚ್ಚುಹಾಕಿಸಿ ಅವರಿಗೆ ಕಳಿಸಿತು. ಊರೂರಿನಿಂದ ಅಂಚೆಯಲ್ಲಿ ಪೊಟ್ಟಣಗಳು ಬರತೊಡಗಿದವು.

ಅದೇ ದಾರಿಯಲ್ಲಿ ಮುಂದಿನ ಹೆಜ್ಜೆಯಾಗಿ ತರುಣರ ಆತ್ಮಕಥಾ ಸ್ಪರ್ಧೆಗಳು ಬಂದವು. 1932, 1934 ಮತ್ತು 1939ರಲ್ಲಿ ಯೀವೊ ಈ ಸ್ಪರ್ಧೆಗಳನ್ನು ನಡೆಸಿತು. 16ರಿಂದ 22 ವಯಸ್ಸಿನವರು ತಮ್ಮ ಬಾಳನ್ನು ತಾವೇ ಬರೆಯಬೇಕು, ನೋಟ್‌ಬುಕ್ಕಿನ 25 ಪುಟಕ್ಕೆ ಕಡಿಮೆಯಾಗಬಾರದು, ಅಡ್ಡಹೆಸರಿನಲ್ಲಿ ಕಳಿಸಬಹುದು, ಅಲಂಕಾರ ಬೇಡ, ನಿಜ ಬೇಕು. ಯಿಡ್ಡಿಶ್, ಪೋಲಿಷ್, ಹೀಬ್ರೂ ಮೂರೂ ಭಾಷೆಗಳಲ್ಲಿ 600ಕ್ಕೂ ಹೆಚ್ಚು ಆತ್ಮಕಥೆಗಳು ಬಂದವು. ಅಪ್ಪನೊಂದಿಗಿನ ಜಗಳ, ಕೈಗೂಡದ ಓದು, ಕೆಲಸವಿಲ್ಲದ ದಿನಗಳು, ಮೊದಲ ಪ್ರೀತಿ, ದೇವರ ಮೇಲಿನ ನಂಬಿಕೆ ಸಡಿಲವಾದ ಬಗೆ, ಪಕ್ಷ ರಾಜಕಾರಣದ ಹುರುಪು ಎಲ್ಲವೂ ಅವುಗಳಲ್ಲಿವೆ. 1939ರ ಸ್ಪರ್ಧೆಯ ಬರಹಗಳು ವಿಲ್ನಾ ತಲುಪಿದ ವರ್ಷವೇ ಯುದ್ಧ ಬಂತು. ಆ ತರುಣರಲ್ಲಿ ಬಹುಪಾಲು ಜನ ಮುಂದೆ ಉಳಿಯಲಿಲ್ಲ. ಯುದ್ಧಕ್ಕೆ ಮುಂಚಿನ ಯಹೂದಿ ಬದುಕನ್ನು ಒಳಗಿನಿಂದ ತಿಳಿಯಬೇಕೆನ್ನುವವರಿಗೆ ಇಂದು ಈ ಪುಟಗಳಿಗಿಂತ ನಂಬಲರ್ಹವಾದ ಆಕರ ಮತ್ತೊಂದಿಲ್ಲ.

ವಿವುಲ್ಸ್ಕಿ ಬೀದಿಯ ಕಟ್ಟಡ

ಬಾಡಿಗೆಯ ಕೋಣೆಗಳು ಸಾಲದಾದಾಗ ಸಂಸ್ಥೆ ವಿವುಲ್ಸ್ಕಿ ಬೀದಿಯ 18ನೇ ನಂಬರಿನ ಕಟ್ಟಡವನ್ನು ಕೊಂಡುಕೊಂಡಿತು. ಊರಿನ ಇಕ್ಕಟ್ಟಾದ ಹಳೆಯ ಕೇರಿಯಿಂದ ದೂರದಲ್ಲಿ, ಮರಗಳ ನಡುವೆ ಇದ್ದ ಕಟ್ಟಡವದು. ದೇಣಿಗೆಗಾಗಿ ನ್ಯೂಯಾರ್ಕಿನಿಂದ ಬ್ಯೂನಸ್ ಐರಿಸ್‌ವರೆಗೆ ಯೀವೊ ಅಭಿಮಾನಿಗಳು ಜೋಳಿಗೆ ಹಿಡಿದರು. 1933ರ ಹೊತ್ತಿಗೆ ಸಂಸ್ಥೆ ಪೂರ್ತಿಯಾಗಿ ಅಲ್ಲಿಗೆ ಬಂತು.

ಅಲ್ಲಿ ನಡೆದ ಕೆಲಸದ ಹರವು ದೊಡ್ಡದು. 1931ರಿಂದ 'ಯೀವೊ ಬ್ಲೆಟರ್' ಎಂಬ ಸಂಶೋಧನಾ ನಿಯತಕಾಲಿಕೆ ಹೊರಬಂತು. ಊರಿಗೊಂದು ಬಗೆಯಾಗಿದ್ದ ಯಿಡ್ಡಿಶ್ ಬರವಣಿಗೆಗೆ 1930ರ ದಶಕದ ಮಧ್ಯದಲ್ಲಿ ಏಕರೂಪದ ಕಾಗುಣಿತ ನಿಯಮಗಳು ಬಂದವು. ಇಂದಿಗೂ ಪಠ್ಯಪುಸ್ತಕಗಳು ಅವನ್ನೇ ಪಾಲಿಸುತ್ತವೆ. ತರುಣ ಸಂಶೋಧಕರನ್ನು ತಯಾರು ಮಾಡಲು 'ಅಸ್ಪಿರಾಂಟೂರ್' ಎಂಬ ಉನ್ನತ ತರಬೇತಿ ಶುರುವಾಯಿತು. 1935ರಲ್ಲಿ ಸಂಸ್ಥೆಯ ಹತ್ತನೇ ವರ್ಷದ ಸಮಾವೇಶಕ್ಕೆ ಚಿತ್ರಕಾರ ಮಾರ್ಕ್ ಶಗಾಲ್ ಬಂದರು, ವಿಲ್ನಾದ ಸಿನಗಾಗಿನ ಒಳಾಂಗಣವನ್ನು ಚಿತ್ರಿಸಿದರು. ವಾರ್ಸಾದಲ್ಲಿ ಇಮ್ಯಾನುಯೆಲ್ ರಿಂಗಲ್‌ಬ್ಲೂಮ್, ರಾಫೆಲ್ ಮಾಹ್ಲರ್ ಮುಂತಾದ ಯುವ ಇತಿಹಾಸಕಾರರು ಯೀವೊ ನೆರಳಿನಲ್ಲಿ ಬೆಳೆದರು.

ಹೊರಗಿನ ವಾತಾವರಣ ಹದಗೆಡುತ್ತಲೇ ಇತ್ತು. 1931ರಲ್ಲಿ ವಿಲ್ನಾದಲ್ಲಿ ಯಹೂದಿಗಳ ಮೇಲೆ ನಡೆದ ಗಲಭೆಯಲ್ಲಿ ವೈನ್‌ರೈಖ್ ಕಲ್ಲೇಟಿನಿಂದ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. ಮರುವರ್ಷವೇ ಅವರು ತರುಣರಿಗೆ ಆತ್ಮಕಥೆ ಬರೆಯಲು ಕರೆ ಕೊಟ್ಟರು. ತನ್ನ ಮೇಲೆ ದ್ವೇಷ ಸುರಿಯುವ ಸಮಾಜದ ನಡುವೆ ಬೆಳೆಯುವ ಮಗುವಿನ ಮನಸ್ಸು ಹೇಗಿರುತ್ತದೆ ಎಂಬುದು ಅವರಿಗೆ ಬರಿಯ ಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ.

ಘೆಟ್ಟೊದ ಕಾಗದದ ದಳ

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ವೈನ್‌ರೈಖ್ ಭಾಷಾವಿಜ್ಞಾನಿಗಳ ಸಮ್ಮೇಳನಕ್ಕೆಂದು ಹೊರಟು ಡೆನ್ಮಾರ್ಕಿನಲ್ಲಿದ್ದರು. ಹಿರಿಯ ಮಗ ಊರಿಯೆಲ್ ಜೊತೆಗಿದ್ದ. ಅವರಿಗೆ ವಿಲ್ನಾಕ್ಕೆ ಮರಳಲಾಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ಸೇರಿದರು, ಅಲ್ಲಿದ್ದ ಶಾಖೆಯೇ ಸಂಸ್ಥೆಯ ಕೇಂದ್ರವಾಯಿತು. ವಿಲ್ನಾ ಕೈಯಿಂದ ಕೈಗೆ ಹೋಗಿ, 1941ರ ಜೂನ್ 24ರಂದು ಜರ್ಮನ್ ಸೇನೆಯ ವಶವಾಯಿತು. ಊರ ಹೊರಗಿನ ಪೊನಾರ್ ಕಾಡಿನಲ್ಲಿ ಸಾಮೂಹಿಕ ಕೊಲೆಗಳು ಶುರುವಾದವು. ಅಲ್ಲಿ ಸುಮಾರು 70,000 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಸೆಪ್ಟೆಂಬರಿನಲ್ಲಿ ಉಳಿದವರನ್ನು ಘೆಟ್ಟೊದೊಳಗೆ ತುರುಕಿದರು.

ಜನರನ್ನು ಕೊಲ್ಲುವುದರ ಜೊತೆಗೆ ಅವರ ಪುಸ್ತಕ ದೋಚುವುದಕ್ಕೂ ನಾಜಿಗಳು ಬೇರೆಯೇ ಇಲಾಖೆ ಇಟ್ಟಿದ್ದರು. ನಾಜಿ ಸಿದ್ಧಾಂತಿ ಆಲ್ಫ್ರೆಡ್ ರೋಸನ್‌ಬರ್ಗ್ ಹೆಸರಿನ ಆ ತಂಡದ ಪರವಾಗಿ 1942ರ ಆರಂಭದಲ್ಲಿ ಜೋಹಾನೆಸ್ ಪೋಲ್ ವಿಲ್ನಾಕ್ಕೆ ಬಂದ. ಒಂದು ಕಾಲದಲ್ಲಿ ಪಾದ್ರಿಯಾಗಿದ್ದ ಅವನು ಜೆರುಸಲೇಮಿನಲ್ಲಿ ಓದಿದವನು, ಹೀಬ್ರೂ ಬಲ್ಲವನು. ಯಹೂದಿಗಳನ್ನು ದ್ವೇಷಿಸಲೆಂದೇ ಅವರ ಪುಸ್ತಕಗಳನ್ನು ಅಧ್ಯಯನ ಮಾಡುವ ಸಂಸ್ಥೆಯೊಂದು ಫ್ರಾಂಕ್‌ಫರ್ಟಿನಲ್ಲಿತ್ತು. ಅದಕ್ಕೆ ಒಳ್ಳೆಯ ಮಾಲು ಆರಿಸಿ ಕಳಿಸುವುದು ಅವನ ಕೆಲಸ. ಸ್ಟ್ರಾಶುನ್ ಗ್ರಂಥಾಲಯದ್ದು, ಸಿನಗಾಗುಗಳದ್ದು, ಶಾಲೆಗಳದ್ದು, ಯೀವೊದ್ದು ಎಲ್ಲವನ್ನೂ ಒಂದೆಡೆ ರಾಶಿ ಹಾಕಿಸಿದರು. ವಿವುಲ್ಸ್ಕಿ ಬೀದಿಯ ಕಟ್ಟಡವೇ ವಿಂಗಡಣೆಯ ಕೇಂದ್ರವಾಯಿತು. ಸುಮಾರು ಶೇ 30ರಷ್ಟು ಜರ್ಮನಿಗೆ, ಉಳಿದ ಶೇ 70 ಕಾಗದದ ಗಿರಣಿಗೆ ಎಂದು ಆಜ್ಞೆಯಾಯಿತು.

ವಿಂಗಡಿಸಲು ಭಾಷೆ ಬಲ್ಲವರು ಬೇಕಿತ್ತು. ಹಾಗಾಗಿ ಘೆಟ್ಟೊದಿಂದ ವಿದ್ವಾಂಸರು, ಕವಿಗಳು, ಶಿಕ್ಷಕರು ಸೇರಿದಂತೆ ಸುಮಾರು 40 ಜನರ ಕೆಲಸದ ತಂಡವೊಂದು ದಿನಾ ಬೆಳಿಗ್ಗೆ ಅಲ್ಲಿಗೆ ಹೊರಡುತ್ತಿತ್ತು. ಹರ್ಮನ್ ಕ್ರುಕ್ ಅದರ ಮುಖ್ಯಸ್ಥರು, ಕಾಲ್ಮನೋವಿಚ್ ಅವರ ಉಪಮುಖ್ಯಸ್ಥರು. ಕವಿಗಳಾದ ಅಬ್ರಹಾಂ ಸುಟ್ಸ್‌ಕೆವರ್ ಮತ್ತು ಶ್ಮೆರ್ಕೆ ಕಚೆರ್ಗಿನ್ಸ್ಕಿ ಆ ತಂಡದಲ್ಲಿದ್ದರು. ಮಿಕ್ಕವರು ಸೌದೆ, ಇಟ್ಟಿಗೆ ಹೊರುವಾಗ ಇವರು ಪುಸ್ತಕ ಹೊರುತ್ತಾರೆಂದು ಘೆಟ್ಟೊದ ಕಾವಲಿನವರು ಇವರನ್ನು 'ಕಾಗದದ ದಳ' ಎಂದು ಹಂಗಿಸಿದರು. ಆ ಹೆಸರೇ ಚರಿತ್ರೆಯಲ್ಲಿ ಗೌರವದಿಂದ ಉಳಿಯಿತು.

ತಮ್ಮ ಸಮುದಾಯ ಹದಿನೈದು ವರ್ಷ ಕಷ್ಟಪಟ್ಟು ಕೂಡಿಸಿದ್ದನ್ನು ತಮ್ಮ ಕೈಯಿಂದಲೇ ಗಿರಣಿಗೆ ಹಾಕಬೇಕಾದ ಸ್ಥಿತಿ ಅದು. ಅವರು ಬೇರೆ ದಾರಿ ಹಿಡಿದರು. ಸಂಜೆ ಮರಳುವಾಗ ಹಸ್ತಪ್ರತಿಗಳನ್ನು ಮೈಗೆ ಸುತ್ತಿಕೊಂಡು, ಅಂಗಿಯೊಳಗೆ ಸಿಕ್ಕಿಸಿಕೊಂಡು ಘೆಟ್ಟೊದ ಬಾಗಿಲು ದಾಟುತ್ತಿದ್ದರು. ಬಾಗಿಲಲ್ಲಿ ಜರ್ಮನ್ನರು ನಿಂತಿದ್ದ ದಿನ ಸಿಕ್ಕಿಬಿದ್ದರೆ ಹೊಡೆತ, ಇಲ್ಲವೇ ಪೊನಾರ್. ಸುಟ್ಸ್‌ಕೆವರ್ ಒಮ್ಮೆ ಒಲೆ ಉರಿಸಲು ರದ್ದಿ ಕಾಗದ ಬೇಕೆಂದು ಕೇಳಿ ಜರ್ಮನ್ ಮೇಲಧಿಕಾರಿಯಿಂದ ಪರವಾನಗಿ ಬರೆಸಿಕೊಂಡರು. ಕಾವಲಿನವರಿಗೆ ಆ ಚೀಟಿ ತೋರಿಸಿ, ರದ್ದಿಯೆಂಬ ಹೆಸರಿನಲ್ಲಿ ಅಪರೂಪದ ಪತ್ರಗಳನ್ನೂ ಹಸ್ತಪ್ರತಿಗಳನ್ನೂ ಒಳಗೆ ತಂದರು. ಹೀಗೆ ಉಳಿದವುಗಳಲ್ಲಿ ಯಿಡ್ಡಿಶ್ ಕಥೆಗಾರ ಶೋಲೆಮ್ ಅಲೈಖೆಮ್ ಅವರ ಬರಹಗಳಿವೆ, ಯಹೂದಿ ರಾಷ್ಟ್ರ ಚಳವಳಿಯ ನಾಯಕ ಥಿಯೊಡೋರ್ ಹರ್ಟ್ಸಲ್ ಅವರ ದಿನಚರಿಯಿದೆ, ವಿಲ್ನಾ ಗಾವೊನ್ ಪ್ರಾರ್ಥನಾಲಯದ ದಾಖಲೆ ಪುಸ್ತಕವಿದೆ. ಘೆಟ್ಟೊದ ನೆಲಮಾಳಿಗೆಗಳಲ್ಲಿ, ಗೋಡೆಗಳ ಹಿಂದೆ, ಶವೆಲ್ ಬೀದಿಯ ಮನೆಯೊಂದರಡಿ ತೋಡಿದ ಆಳದ ಬಂಕರಿನಲ್ಲಿ ಅವುಗಳನ್ನು ಬಚ್ಚಿಟ್ಟರು. ಯೀವೊ ಕಟ್ಟಡದ ಅಟ್ಟದ ಮೇಲೂ ಅಡಗಿಸಿದರು. ವಿಲ್ನಿಯಸ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ, ಲಿಥುವೇನಿಯದ ಓನಾ ಶಿಮೈಟೆ ಅವರು ಓದುಗರು ಹಿಂತಿರುಗಿಸದ ಪುಸ್ತಕ ವಸೂಲಿಗೆ ಹೋಗುತ್ತೇನೆಂದು ಹೇಳಿ ಘೆಟ್ಟೊಗೆ ಹೋಗಿ ಬರುತ್ತಿದ್ದರು. ಹೋಗುವಾಗ ಆಹಾರ ಒಯ್ದರು, ಬರುವಾಗ ಕಾಗದಗಳನ್ನು ತಂದು ಕಾಪಿಟ್ಟರು.

ದಳದೊಳಗೆ ಒಂದು ಚರ್ಚೆಯೂ ನಡೆದಿತ್ತು. ಕಾಲ್ಮನೋವಿಚ್ ಅವರ ಪ್ರಕಾರ, ಆದಷ್ಟು ಹೆಚ್ಚು ಪುಸ್ತಕ ಜರ್ಮನಿಗೇ ಹೋಗಲಿ. ಯುದ್ಧ ಮುಗಿದ ಮೇಲೆ ಅಲ್ಲಿಂದ ಮರಳಿ ಪಡೆಯಬಹುದು, ಗಿರಣಿಗೆ ಬಿದ್ದದ್ದು ಬರುವುದಿಲ್ಲ. ಕವಿಗಳಿಬ್ಬರಿಗೆ ಶತ್ರುವಿನ ಕೈಗೆ ಒಂದು ಪುಟ ಕೊಡುವುದೂ ಸಮ್ಮತವಿರಲಿಲ್ಲ. ಎರಡು ವಾದವೂ ಸರಿಯೆಂದು ಕಾಲ ತೋರಿಸಿತು. ಜರ್ಮನಿಗೆ ಹೋದ ಪೆಟ್ಟಿಗೆಗಳೂ ಉಳಿದವು, ಬಂಕರಿನಲ್ಲಿ ಹೂತವೂ ಸಿಕ್ಕವು.

ಕ್ರುಕ್ ಅವರ ಮತ್ತೊಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. ಯುದ್ಧಕ್ಕೆ ಮುಂಚೆ ವಾರ್ಸಾದಲ್ಲಿ ಗ್ರಂಥಾಲಯ ನಡೆಸಿದ್ದ ಅವರು ವಿಲ್ನಾ ಘೆಟ್ಟೊದೊಳಗೂ ಸ್ಟ್ರಾಶುನ್ ಬೀದಿಯ 6ನೇ ನಂಬರಿನಲ್ಲಿ ಗ್ರಂಥಾಲಯ ನಡೆಸಿದರು. 1942ರ ಡಿಸೆಂಬರಿನಲ್ಲಿ ಅಲ್ಲಿಂದ ಎರವಲು ಹೋದ ಪುಸ್ತಕಗಳ ಲೆಕ್ಕ ಒಂದು ಲಕ್ಷ ಮುಟ್ಟಿತು. ಘೆಟ್ಟೊ ಜನ ಸೇರಿ ಅದನ್ನು ಸಮಾರಂಭ ಮಾಡಿ ಆಚರಿಸಿದರು. ಹಸಿವು, ಚಳಿ, ಸಾವುಗಳ ನಡುವೆಯೂ ಕ್ರುಕ್ ಓದುಗರ ಅಂಕಿಅಂಶ ಇಟ್ಟರು, ದಿನಚರಿ ಬರೆದರು. ಘೆಟ್ಟೊ ಬರಿದಾದಾಗ ಅವರನ್ನು ಎಸ್ಟೋನಿಯದ ಶಿಬಿರಗಳಿಗೆ ಸಾಗಿಸಿದರು. ಅಲ್ಲೂ ಬರೆಯುವುದನ್ನು ಬಿಡಲಿಲ್ಲ. 1944ರ ಸೆಪ್ಟೆಂಬರ್ 17ರಂದು ಲಾಗೆಡಿ ಶಿಬಿರದಲ್ಲಿ ತಮ್ಮ ಬರಹಗಳನ್ನು ಸಂಗಡಿಗರ ಎದುರಿಗೆ ಮಣ್ಣಿನಲ್ಲಿ ಹೂತರು. ಮರುದಿನ ಅವರನ್ನು ಕೊಂದರು. ಹೂತದ್ದನ್ನು ಕಂಡಿದ್ದ ಒಬ್ಬರು ಬದುಕುಳಿದು ಬಂದು ಅದನ್ನು ಅಗೆದು ತೆಗೆದರು. ಕಾಲ್ಮನೋವಿಚ್ ಕೂಡ ಎಸ್ಟೋನಿಯದಲ್ಲೇ ತೀರಿಕೊಂಡರು. ಲುನ್ಸ್ಕಿ ಯುದ್ಧದ ಕೊನೆ ಕಾಣಲಿಲ್ಲ.

ಇದೇ ಕಾಲದಲ್ಲಿ ವಾರ್ಸಾ ಘೆಟ್ಟೊದೊಳಗೆ ರಿಂಗಲ್‌ಬ್ಲೂಮ್ ಗುಟ್ಟಾಗಿ ಮತ್ತೊಂದು ಪತ್ರಾಗಾರ ಕಟ್ಟುತ್ತಿದ್ದರು. ಪ್ರಶ್ನಾವಳಿ ಹಂಚುವುದು, ಸಾಮಾನ್ಯರಿಂದ ಬರೆಸುವುದು, ರೇಷನ್ ಚೀಟಿಯಿಂದ ಮಿಠಾಯಿ ಹೊದಿಕೆಯವರೆಗೆ ಎಲ್ಲವನ್ನೂ ಕೂಡಿಡುವುದು ಅವರ ಕ್ರಮವಾಗಿತ್ತು. ಅದು ಯೀವೊ ಶಾಲೆಯಲ್ಲಿ ಕಲಿತ ಕ್ರಮ. ತವರದ ಪೆಟ್ಟಿಗೆ ಮತ್ತು ಹಾಲಿನ ಕ್ಯಾನುಗಳಲ್ಲಿ ಹೂತಿಟ್ಟ ಆ ಸಂಗ್ರಹದ ಎರಡು ಭಾಗಗಳು 1946 ಮತ್ತು 1950ರಲ್ಲಿ ಸಿಕ್ಕವು. ಘೆಟ್ಟೊದ ಧೈರ್ಯಕ್ಕೆ ಮೊದಲೇ ಸಿದ್ಧತೆಯಿತ್ತು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎರಡನೇ ಸಲದ ಗಂಡಾಂತರ

ಸುಟ್ಸ್‌ಕೆವರ್, ಕಚೆರ್ಗಿನ್ಸ್ಕಿ 1943ರ ಸೆಪ್ಟೆಂಬರಿನಲ್ಲಿ ಘೆಟ್ಟೊದಿಂದ ತಪ್ಪಿಸಿಕೊಂಡು ಕಾಡಿನ ಗೆರಿಲ್ಲಾ ಹೋರಾಟಗಾರರನ್ನು ಸೇರಿದರು. 1944ರ ಜುಲೈನಲ್ಲಿ ಸೋವಿಯತ್ ಸೇನೆಯಿಂದ ವಿಲ್ನಾ ಬಿಡುಗಡೆಯಾಗುತ್ತಲೇ ಮರಳಿ ಬಂದರು. ಯೀವೊ ಕಟ್ಟಡ ಪಾಳು ಬಿದ್ದಿತ್ತು, ಅಟ್ಟದಲ್ಲಿ ಬಚ್ಚಿಟ್ಟದ್ದು ಸುಟ್ಟುಹೋಗಿತ್ತು. ಶವೆಲ್ ಬೀದಿಯ ಬಂಕರ್ ಮಾತ್ರ ಹಾಗೇ ಇತ್ತು. ಗುದ್ದಲಿ ಹಿಡಿದು ಅಗೆದರು, ಕೈಗಾಡಿಗಳಲ್ಲಿ ತುಂಬಿ ತಂದರು, ಅದೇ ತಿಂಗಳು ಯಹೂದಿ ವಸ್ತುಸಂಗ್ರಹಾಲಯವೊಂದನ್ನು ತೆರೆದರು. ಗಿರಣಿಯ ಆವರಣದಲ್ಲಿ, ಊರಿನ ಕಸ ವಿಲೇವಾರಿ ಇಲಾಖೆಯ ಅಂಗಳದಲ್ಲಿ ಟನ್ನುಗಟ್ಟಲೆ ಕಾಗದ ಬಿದ್ದಿರುವುದು ಅವರಿಗೆ ಗೊತ್ತಾಯಿತು. ಅದನ್ನು ತಮಗೆ ಕೊಡಿರೆಂದು ಬೇಡಿಕೊಳ್ಳುತ್ತಿರುವಾಗಲೇ ಸೋವಿಯತ್ ಅಧಿಕಾರಿಗಳು ಮೂಟೆಗಳನ್ನು ಮತ್ತೆ ಗಿರಣಿಗೆ ಸಾಗಿಸಿದರು.

ಯಹೂದಿ ಸಂಸ್ಕೃತಿಗೆ ಈ ಆಳ್ವಿಕೆಯಲ್ಲೂ ಜಾಗವಿಲ್ಲ ಎಂಬುದು ಇಬ್ಬರಿಗೂ ಸ್ಪಷ್ಟವಾಯಿತು. ನಾಜಿಗಳಿಂದ ಉಳಿಸಿಕೊಂಡದ್ದನ್ನು ತಾವೇ ತೆರೆದ ವಸ್ತುಸಂಗ್ರಹಾಲಯದಿಂದ ಕದ್ದು ಹೊರಸಾಗಿಸಬೇಕಾಯಿತು. ಪೋಲೆಂಡಿಗೆ, ಅಲ್ಲಿಂದ ಪ್ಯಾರಿಸ್, ನ್ಯೂಯಾರ್ಕ್‌ಗೆ ಪೊಟ್ಟಣಗಳು ಹೋದವು. ಸುಟ್ಸ್‌ಕೆವರ್ 1946ರ ಫೆಬ್ರವರಿಯಲ್ಲಿ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸಾಕ್ಷಿ ನುಡಿದರು. ಆಮೇಲೆ ಟೆಲ್ ಅವೀವಿನಲ್ಲಿ ನೆಲೆಸಿ 2010ರವರೆಗೆ ಬಾಳಿದರು. ಕಚೆರ್ಗಿನ್ಸ್ಕಿ 1954ರಲ್ಲಿ ಅರ್ಜೆಂಟೀನಾದಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು.

ವಿಲ್ನಿಯಸ್‌ನಲ್ಲಿ ಉಳಿದ ಭಾಗದ ಕಥೆ ಇನ್ನೂ ಮುಗಿದಿರಲಿಲ್ಲ. 1949ರಲ್ಲಿ ಸೋವಿಯತ್ ಸರ್ಕಾರ ಆ ವಸ್ತುಸಂಗ್ರಹಾಲಯವನ್ನು ಮುಚ್ಚಿಸಿತು. ಅದರ ಕಾಗದಪತ್ರಗಳು ಲಿಥುವೇನಿಯದ ಗ್ರಂಥ ದಾಖಲಾತಿ ಸಂಸ್ಥೆಗೆ ಬಂದವು. ಸೇಂಟ್ ಜಾರ್ಜ್ ಚರ್ಚು ಆ ಸಂಸ್ಥೆಯ ಉಗ್ರಾಣವಾಗಿತ್ತು. ನಿರ್ದೇಶಕ ಅಂತಾನಾಸ್ ಉಲ್ಪಿಸ್ ಯಹೂದಿಯಲ್ಲ, ಆದರೆ ಪುಸ್ತಕದ ಬೆಲೆ ಬಲ್ಲವರು. ಯಹೂದಿ ಎಂಬ ಮಾತೇ ಅಪಾಯಕರವಾಗಿದ್ದ ಸ್ಟಾಲಿನ್ ಕಾಲದಲ್ಲಿ ಅವರು ಆ ಕಾಗದಗಳನ್ನು ನಾಶಕ್ಕೆ ಕಳಿಸದೆ ಬೇರೆ ರಾಶಿಗಳ ನಡುವೆ ಇರಿಸಿ ಕಾಪಾಡಿದರು. 1981ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಇದಕ್ಕಾಗಿ ಯಾವ ಮನ್ನಣೆಯೂ ಸಿಗಲಿಲ್ಲ. ಯೀವೊ ಚರಿತ್ರೆಯಲ್ಲಿ ಅವರ ಹೆಸರು ದಳದವರ ಹೆಸರಿನ ಪಕ್ಕದಲ್ಲೇ ಬರಬೇಕು.

420 ಪೆಟ್ಟಿಗೆಗಳು

ಜರ್ಮನಿಗೆ ಹೋದ ಪುಸ್ತಕಗಳು ಫ್ರಾಂಕ್‌ಫರ್ಟ್ ಸಮೀಪದ ಹುಂಗೆನ್ ಎಂಬ ಊರಿನಲ್ಲಿ ಅಮೆರಿಕನ್ ಸೈನಿಕರ ಕಣ್ಣಿಗೆ ಬಿದ್ದವು. ಯುರೋಪಿನಾದ್ಯಂತ ದೋಚಿದ ಪುಸ್ತಕಗಳನ್ನು ಒಡೆಯರಿಗೆ ಮರಳಿಸಲೆಂದು ಆಫೆನ್‌ಬಾಖ್‌ನಲ್ಲಿ ಅಮೆರಿಕನ್ ಸೇನೆ ದೊಡ್ಡ ಉಗ್ರಾಣವೊಂದನ್ನು ತೆರೆದಿತ್ತು. ಪತ್ರಾಗಾರ ತಜ್ಞ ಸೀಮೋರ್ ಪೊಮ್ರೆನ್ಸ್ ಅದರ ಮೊದಲ ನಿರ್ದೇಶಕರು. ಇವು ನಮ್ಮ ಪುಸ್ತಕಗಳು ಎಂದು ವೈನ್‌ರೈಖ್ ನ್ಯೂಯಾರ್ಕಿನಿಂದ ಪಟ್ಟುಹಿಡಿದು ಪತ್ರ ಬರೆದರು. ಗುರುತು ಹಚ್ಚುವ ಕೆಲಸಕ್ಕೆ ಆಫೆನ್‌ಬಾಖ್‌ಗೆ ಬಂದವರಲ್ಲಿ ಲೂಸಿ ಡೇವಿಡೋವಿಚ್ ಒಬ್ಬರು. 1938ರಲ್ಲಿ ನ್ಯೂಯಾರ್ಕಿನಿಂದ ವಿಲ್ನಾಕ್ಕೆ ಹೋಗಿ ಯೀವೊದಲ್ಲಿ ಒಂದು ವರ್ಷ ಕಲಿತಿದ್ದ ಅವರು, ತಾವು ಓದಿದ ಗ್ರಂಥಾಲಯಗಳ ಪುಸ್ತಕಗಳನ್ನು ಈಗ ರಾಶಿಯಿಂದ ಹೆಕ್ಕಿ ತೆಗೆದರು. ಆ ಪುಸ್ತಕ ಬಳಸುತ್ತಿದ್ದವರಲ್ಲಿ ಬಹುಪಾಲು ಜನ ಈಗ ಇಲ್ಲವೆಂಬುದನ್ನು ತಿಳಿದೇ ಅವರು ಆ ಕೆಲಸ ಮಾಡಿದರು. 1947ರಲ್ಲಿ ಯೀವೊ ಮತ್ತು ಸ್ಟ್ರಾಶುನ್ ಗ್ರಂಥಾಲಯದ ಉಳಿಕೆಗಳನ್ನು ತುಂಬಿಕೊಂಡು 420 ಪೆಟ್ಟಿಗೆಗಳು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದವು.

ನ್ಯೂಯಾರ್ಕಿನ ಯೀವೊ ಹಳೆಯದನ್ನು ಕಾಯುವುದಕ್ಕಷ್ಟೇ ತೃಪ್ತವಾಗಲಿಲ್ಲ. 1942ರಲ್ಲೇ ಅದು ಅಮೆರಿಕದ ವಲಸಿಗರಿಗಾಗಿ ಆತ್ಮಕಥಾ ಸ್ಪರ್ಧೆ ನಡೆಸಿತ್ತು: ಹುಟ್ಟೂರು ಬಿಟ್ಟದ್ದೇಕೆ, ಇಲ್ಲಿ ಗಳಿಸಿದ್ದೇನು? 200ಕ್ಕೂ ಹೆಚ್ಚು ಮಂದಿ ಬರೆದರು. ಒಂದೇ ಊರಿನಿಂದ ಬಂದವರು ಕಟ್ಟಿಕೊಂಡ ಸಂಘಗಳ ನಡಾವಳಿ ಪುಸ್ತಕಗಳು, ಯುದ್ಧಾನಂತರದ ನಿರಾಶ್ರಿತರ ಶಿಬಿರಗಳ ದಾಖಲೆಗಳು, ರಂಗಭೂಮಿಯ ಪೋಸ್ಟರುಗಳು, ಹಾಡಿನ ಧ್ವನಿಮುದ್ರಿಕೆಗಳು ಸೇರುತ್ತ ಹೋದವು. 1946ರಲ್ಲಿ ವೈನ್‌ರೈಖ್ ನಾಜಿಗಳಿಗೆ ತಮ್ಮ ವಿದ್ವತ್ತನ್ನು ಮಾರಿಕೊಂಡ ಜರ್ಮನ್ ಪಂಡಿತರ ಬಗ್ಗೆ 'ಹಿಟ್ಲರ್ಸ್ ಪ್ರೊಫೆಸರ್ಸ್' ಬರೆದರು. ಅವರ ಮಗ ಊರಿಯೆಲ್ ವೈನ್‌ರೈಖ್ 1949ರಲ್ಲಿ 'ಕಾಲೇಜ್ ಯಿಡ್ಡಿಶ್' ಪಠ್ಯಪುಸ್ತಕ ಪ್ರಕಟಿಸಿದರು. ಯಿಡ್ಡಿಶ್ ಕಲಿಯುವವರು ಇಂದಿಗೂ ಅದನ್ನು ಹಿಡಿದು ಕೂರುತ್ತಾರೆ. 1968ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಯೀವೊ ಬೇಸಿಗೆ ಶಿಬಿರಕ್ಕೆ ಅವರದೇ ಹೆಸರು. 1955ರಿಂದ ಫಿಫ್ತ್ ಅವೆನ್ಯೂದ ಬಂಗಲೆಯೊಂದರಲ್ಲಿದ್ದ ಸಂಸ್ಥೆ, ಶತಮಾನ ತಿರುಗುವ ಹೊತ್ತಿಗೆ ಮ್ಯಾನ್‌ಹಟ್ಟನ್ನಿನ 16ನೇ ಬೀದಿಯ ಯಹೂದಿ ಇತಿಹಾಸ ಕೇಂದ್ರಕ್ಕೆ ಬಂತು. ಅಲ್ಲಿ ಐದು ಸಂಸ್ಥೆಗಳು ಒಂದೇ ಸೂರಿನಡಿ, ಒಂದೇ ಓದುವ ಕೋಣೆಯಲ್ಲಿ ಕೆಲಸ ಮಾಡುತ್ತವೆ.

ಚರ್ಚಿನಲ್ಲಿ ಸಿಕ್ಕದ್ದು

1980ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟ ಸಡಿಲವಾದಾಗ, ವಿಲ್ನಿಯಸ್‌ನ ಚರ್ಚಿನಲ್ಲಿ ಯೀವೊ ಕಾಗದಗಳಿವೆ ಎಂಬ ಸುದ್ದಿ ಹೊರಬಂತು. 1989ರಲ್ಲಿ ಸಂಸ್ಥೆಯ ಮುಖ್ಯಸ್ಥರು ಹೋಗಿ ನೋಡಿದರು. ನಮಗೆ ಮರಳಿಸಿ ಎಂದು ಯೀವೊ ಕೇಳಿತು. ಇದು ನಮ್ಮ ರಾಷ್ಟ್ರದ ಆಸ್ತಿ ಎಂದು ಸ್ವತಂತ್ರ ಲಿಥುವೇನಿಯ ಹೇಳಿತು. 1990ರ ದಶಕದಲ್ಲಿ ಒಂದಷ್ಟು ಕಡತ ನ್ಯೂಯಾರ್ಕಿಗೆ ಬಂದು, ನಕಲು ತೆಗೆದ ಮೇಲೆ ಮರಳಿ ಹೋಯಿತು. 2017ರಲ್ಲಿ ಮತ್ತೊಂದು ದೊಡ್ಡ ಸುದ್ದಿ: ಯಾರೂ ಲೆಕ್ಕಕ್ಕೆ ಹಿಡಿದಿರದ ಇನ್ನೂ 1,70,000 ಪುಟಗಳು ದೊರೆತಿದ್ದವು. ಅವುಗಳಲ್ಲಿ 1751ರ ಖಗೋಳ ಹಸ್ತಪ್ರತಿಯೊಂದಿತ್ತು, ಸುಟ್ಸ್‌ಕೆವರ್ ಘೆಟ್ಟೊದಲ್ಲಿ ಬರೆದ ಕವಿತೆಗಳಿದ್ದವು, ಐದನೇ ತರಗತಿಯ ಹುಡುಗಿಯೊಬ್ಬಳು 1930ರ ದಶಕದಲ್ಲಿ ತನ್ನ ಮನೆ, ಶಾಲೆ, ಜಡ್ಡುಗಳ ಬಗ್ಗೆ ಬರೆದ ಆತ್ಮಕಥೆಯೂ ಇತ್ತು. ಆ ಹುಡುಗಿಯ ನೋಟ್‌ಬುಕ್ಕನ್ನೇ ಆಧರಿಸಿ ಯೀವೊ ಮುಂದೆ ಇಡೀ ಒಂದು ಆನ್‌ಲೈನ್ ಪ್ರದರ್ಶನ ಕಟ್ಟಿತು.

ಒಡೆತನದ ಪ್ರಶ್ನೆ ಬಿಡಿಸಲಾಗದೆ ಉಳಿದಾಗ ಎರಡೂ ಕಡೆಯವರು ಬೇರೊಂದು ದಾರಿ ಹುಡುಕಿದರು. ಮೂಲ ಪ್ರತಿ ಎಲ್ಲಿದೆಯೋ ಅಲ್ಲೇ ಇರಲಿ, ಆದರೆ ಎಲ್ಲವನ್ನೂ ಸ್ವಚ್ಛಗೊಳಿಸಿ, ದುರಸ್ತಿ ಮಾಡಿ, ಸೂಚಿ ಹಾಕಿ, ಸ್ಕ್ಯಾನ್ ಮಾಡಿ ಒಂದೇ ಕಡೆ ಓದುಗರಿಗೆ ಕೊಡೋಣ ಎಂಬುದು ಆ ಒಪ್ಪಂದ. ಲಿಥುವೇನಿಯದ ರಾಷ್ಟ್ರೀಯ ಗ್ರಂಥಾಲಯ, ಕೇಂದ್ರ ಪತ್ರಾಗಾರ, ವಿಜ್ಞಾನ ಅಕಾಡೆಮಿಯ ಗ್ರಂಥಾಲಯಗಳು ಯೀವೊ ಜೊತೆ ಕೈಜೋಡಿಸಿದವು. ಏಳು ವರ್ಷ ನಡೆದ, 70 ಲಕ್ಷ ಡಾಲರ್ ವೆಚ್ಚದ ಈ ಯೋಜನೆ 2022ರ ಆರಂಭದಲ್ಲಿ ಮುಗಿಯಿತು. ಸುಮಾರು 41 ಲಕ್ಷ ಪುಟಗಳು ಮತ್ತು 12,000ಕ್ಕೂ ಹೆಚ್ಚು ಪುಸ್ತಕಗಳು ಈಗ ಯಾರು ಬೇಕಾದರೂ ತೆರೆದು ನೋಡುವಂತಾಗಿವೆ. ಅರ್ಧ ನ್ಯೂಯಾರ್ಕಿನಲ್ಲಿ, ಅರ್ಧ ವಿಲ್ನಿಯಸ್‌ನಲ್ಲಿ ಉಳಿದಿದ್ದ ಒಂದೇ ಕಡತದ ಹಾಳೆಗಳು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಪರದೆಯಲ್ಲಾದರೂ ಕೂಡಿಕೊಂಡವು.

ಎರಡನೆಯ ನೂರಕ್ಕೆ

ಈ ನೂರು ವರ್ಷಗಳಿಂದ ಕಲಿಯುವುದು ಏನು? ಸಂಸ್ಥೆಯ ಕಟ್ಟಡ ಬೀಳಬಹುದು, ದೇಶದ ಗಡಿ ಬದಲಾಗಬಹುದು, ಹಣ ಬತ್ತಬಹುದು. ಯೀವೊ ಇವೆಲ್ಲವನ್ನೂ ಕಂಡಿತು. ಅದನ್ನು ಉಳಿಸಿದ್ದು ಕೆಲಸದ ಅಭ್ಯಾಸ. ಊರಿನ ದರ್ಜಿ ಗಾದೆ ಬರೆದು ಕಳಿಸಿದ ಶ್ರದ್ಧೆಯೇ ಮುಂದೆ ಘೆಟ್ಟೊದ ಬಾಗಿಲಲ್ಲಿ ಹಸ್ತಪ್ರತಿಯನ್ನು ಎದೆಗೆ ಕಟ್ಟಿಕೊಂಡು ನಡೆಯುವ ಧೈರ್ಯವಾಯಿತು. ಕ್ರುಕ್, ಕಾಲ್ಮನೋವಿಚ್, ಸುಟ್ಸ್‌ಕೆವರ್ ಕಾಪಾಡಿದ್ದು ರಾಜರ ಶಾಸನಗಳನ್ನಲ್ಲ. ತಮ್ಮಂಥವರೇ ಬರೆದ, ತಮ್ಮಂಥವರೇ ಕೂಡಿಸಿದ ಕಾಗದವನ್ನು ಅವರು ಕಾಪಾಡಿದರು. ಅದರ ಬೆಲೆ ಅವರಿಗೆ ಗೊತ್ತಿತ್ತು, ಏಕೆಂದರೆ ಅದನ್ನು ಒಂದೊಂದಾಗಿ ಕಪಾಟಿಗೆ ಸೇರಿಸಿದ ಕೈಗಳು ಅವರ ಜನರವೇ.

ಹೊಸ ನೂರಕ್ಕೆ ಕಾಲಿಟ್ಟ ಯೀವೊ ಮುಂದಿರುವ ದೊಡ್ಡ ಕೆಲಸ ಓದುಗರನ್ನು ಬೆಳೆಸುವುದು. ಲಕ್ಷಾಂತರ ಪುಟಗಳು ಯಿಡ್ಡಿಶ್ ಕೈಬರಹದಲ್ಲಿವೆ. ಆ ಬರಹವನ್ನು ಸರಾಗವಾಗಿ ಓದಬಲ್ಲವರು ಕಡಿಮೆ. ಆದ್ದರಿಂದಲೇ ಸಂಸ್ಥೆ ಪತ್ರಾಗಾರಕ್ಕೆ ಕೊಟ್ಟಷ್ಟೇ ಒತ್ತನ್ನು ಭಾಷೆ ಕಲಿಸುವ ತರಗತಿಗಳಿಗೂ ಕೊಡುತ್ತಿದೆ. ಇದು ಸರಿಯಾದ ನಿರ್ಧಾರ. ಸ್ಕ್ಯಾನ್ ಮಾಡಿದ ಪುಟ ಸುರಕ್ಷಿತವಾಗಿರಬಹುದು, ಆದರೆ ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಒಬ್ಬ ವಿದ್ಯಾರ್ಥಿ ಸಿಗುವವರೆಗೆ ಉಳಿಸುವ ಕೆಲಸ ಪೂರ್ತಿಯಾಗುವುದಿಲ್ಲ. ಶ್ಟಿಫ್ ಅವರ ಮನವಿಯಲ್ಲಿ ಗ್ರಂಥಾಲಯ, ಪತ್ರಾಗಾರಗಳ ಜೊತೆಗೆ ಹೊಸ ವಿದ್ವಾಂಸರನ್ನು ತಯಾರು ಮಾಡುವ ಆಸೆಯೂ ಇತ್ತು. ಅದನ್ನು ಪೂರೈಸುವ ಹೊಣೆ ಈಗ ಈ ಸಂಸ್ಥೆಯನ್ನು ಪ್ರೀತಿಸುವ ಎಲ್ಲರದು: ಇಂದಿನ ಬದುಕಿನ ದಾಖಲೆಗಳನ್ನು ಅದಕ್ಕೆ ಒಪ್ಪಿಸುವವರದು, ದೇಣಿಗೆ ಕೊಡುವವರದು, ಎಲ್ಲಕ್ಕಿಂತ ಹೆಚ್ಚಾಗಿ ಯಿಡ್ಡಿಶ್ ಕಲಿತು ಆ ಪುಟಗಳ ಮುಂದೆ ಕೂರುವ ತರುಣರದು.